ಮುಂಚಕ್ರದ ಸಸ್ಪೆನ್ಶನ್‌ಗೆ ಲಾಕ್ ನಟ್ಟು ಆರಿಸಿದ ಬಗೆ: ಕಾರವಾರದ ಒಂದು ದುರಸ್ತಿ ದಾಖಲೆ

ಕಾರವಾರದಲ್ಲಿ ಸಮುದ್ರಕ್ಕೆ ಅರ್ಧ ಕಿಲೋಮೀಟರೂ ದೂರವಿಲ್ಲದ ಅಂಗಳದಲ್ಲಿ ನಿಲ್ಲುವ, ಮಳೆ ಬಿಸಿಲೆನ್ನದೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರುವ ನಮ್ಮ ಸಣ್ಣ ಕಾರಿನ ಮುಂಭಾಗದ ಸಸ್ಪೆನ್ಶನ್ ಕೆಲಸ ಈ ಮಳೆಗಾಲ ಕಳೆದ ಮೇಲೆ ಮುಗಿಯಿತು. ಎರಡು ಲಿಂಕ್ ರಾಡ್ (ಸ್ಟೆಬಿಲೈಜರ್ ಬಾರನ್ನು ಸ್ಟ್ರಟ್ಟಿಗೆ ಸೇರಿಸುವ ಸಣ್ಣ ಸರಳು), ಎರಡು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು), ಎಡಬದಿಯ ಒಂದು ಟೈ ರಾಡ್ ಎಂಡ್ (ಸ್ಟಿಯರಿಂಗ್ ಸರಳಿನ ಹೊರತುದಿ) ಬದಲಾದವು. ಈ ಬಿಡಿಭಾಗಗಳನ್ನು ಕೊಳ್ಳುವುದರಲ್ಲಿ ಕಷ್ಟವೇನೂ ಇರಲಿಲ್ಲ. ಪೆಟ್ಟಿಗೆಯ ಮೇಲೆ ಕಾರಿನ ಹೆಸರು, ವರ್ಷ ಎಲ್ಲವೂ ಅಚ್ಚಾಗಿರುತ್ತದೆ. ಹೆಚ್ಚು ಹೊತ್ತು ಹಿಡಿದದ್ದು, ಹೆಚ್ಚು ಯೋಚನೆ ಬೇಡಿದ್ದು ಅವನ್ನು ಹಿಡಿದಿಡುವ ಲಾಕ್ ನಟ್ಟುಗಳು, ಅಂದರೆ ಅಲುಗಾಟಕ್ಕೆ ತಾವಾಗಿ ಬಿಚ್ಚಿಕೊಳ್ಳದ ನಟ್ಟುಗಳು. ಲಾಕ್ ನಟ್ಟು ಎಂದರೆ ನೀಲಿಯೋ ಬಿಳಿಯೋ ನೈಲಾನ್ ಬಳೆ ಇರುವ ನಟ್ಟು, ಸೈಜು ಹೇಳಿದರೆ ಮುಗಿಯಿತು ಎಂಬ ತಿಳಿವಳಿಕೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿಯೂ ಅಂಗಡಿಗಳಲ್ಲಿಯೂ ಬೇರೂರಿದೆ. ಒಂದೇ ಚಕ್ರದ ಸುತ್ತ ಐದಾರು ಬಗೆಯ ನಟ್ಟುಗಳಿವೆ, ಒಂದರ ಜಾಗಕ್ಕೆ ಇನ್ನೊಂದು ಸಲ್ಲುವುದಿಲ್ಲ ಎಂಬುದನ್ನು ಅಳತೆ ಸಮೇತ ಬರೆದಿಡಬೇಕೆಂದು ಈ ದಾಖಲೆ.

ಕಾರಿನ ಮಾದರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಜಪಾನೀ ವಿನ್ಯಾಸದ ಕಾರು ಎಂದಷ್ಟೇ ಹೇಳಿದರೆ ಸಾಕು. ಒಂದೇ ಮಾದರಿಯಲ್ಲಿಯೂ ತಯಾರಿಕೆಯ ವರ್ಷ ಬದಲಾದಂತೆ ಬೋಲ್ಟಿನ ಅಳತೆಯೂ ಟಾರ್ಕೂ (ಬಿಗಿ ಮಾಡಲು ಕೊಡಬೇಕಾದ ತಿರುಗುಬಲ) ಬದಲಾಗುವುದುಂಟು. ಇಲ್ಲಿಯ ಅಂಕಿಗಳನ್ನು ನೋಡಿ ಯಾರೂ ನಟ್ಟು ಕೊಳ್ಳಬಾರದು, ತಮ್ಮ ಕಾರಿನ ಬೋಲ್ಟನ್ನು ತಾವೇ ಅಳೆಯಬೇಕು.

ಹಂತ 1: ಸದ್ದು ಎಲ್ಲಿಂದ

ಅಮದಳ್ಳಿ, ಅವರ್ಸಾ ಕಡೆಯ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಏನೂ ಕೇಳಿಸುತ್ತಿರಲಿಲ್ಲ. ಊರೊಳಗೆ ನಿಧಾನವಾಗಿ ಹೊಂಡ ದಾಟುವಾಗ, ಗಟಾರದ ಮುಚ್ಚಳದ ಮೇಲೆ ಒಂದು ಚಕ್ರ ಮಾತ್ರ ಹತ್ತಿ ಇಳಿದಾಗ ಎಡಗಡೆಯಿಂದ ಟಕ್ ಟಕ್ ಎಂಬ ಒಣ ಸದ್ದು ಬರುತ್ತಿತ್ತು. ಎಡಚಕ್ರವನ್ನು ಜಾಕಿನಿಂದ ಎತ್ತಿ ಅಲ್ಲಾಡಿಸಿದರೆ ಸಡಿಲ ಕೈಗೆ ಸಿಗಲಿಲ್ಲ. ಒಂದೇ ಚಕ್ರ ಎತ್ತಿದಾಗ ಎಡ ಬಲ ಬದಿಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದು ಹಿಡಿಯುವುದರಿಂದ ಅಲ್ಲಿಯ ಸಡಿಲ ಅಡಗಿಬಿಡುತ್ತದೆ. ಎರಡೂ ಚಕ್ರಗಳು ಸಮನಾಗಿ ನೆಲದ ಮೇಲಿರುವಾಗ, ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಚಕ್ರದ ಹಿಂದಿನಿಂದ ಕೈ ಹಾಕಿ ಲಿಂಕ್ ರಾಡನ್ನು ಅಲ್ಲಾಡಿಸಿದಾಗ ಮೇಲಿನ ತುದಿ ಬ್ರ್ಯಾಕೆಟ್ಟಿನಲ್ಲಿ ಆಡುತ್ತಿರುವುದು ತಿಳಿಯಿತು.

ಬೆಳಕು ಬಿಟ್ಟು ನೋಡಿದರೆ ಬಲಬದಿಯಲ್ಲಿ ಕಾರಿನ ಜೊತೆಗೇ ಬಂದ, ಕೆಳಗೆ ಅಗಲ ಪಟ್ಟಿಯಿರುವ ಫ್ಲೇಂಜ್ ಲಾಕ್ ನಟ್ಟು ಇತ್ತು. ಎಡಬದಿಯಲ್ಲಿ ಹಿಂದೆಂದೋ ಒಂದು ಗ್ಯಾರೇಜಿನಲ್ಲಿ ಹಾಕಿದ ಸಾದಾ ಷಟ್ಕೋನದ ನಟ್ಟು, ಅದರ ಕೆಳಗೆ ಒಂದು ಸ್ಪ್ರಿಂಗ್ ವಾಷರ್. ವಾಷರ್ ಪೂರ್ತಿ ಚಪ್ಪಟೆಯಾಗಿತ್ತು; ನಟ್ಟು ಬೆರಳಿನಿಂದ ತಿರುಗದಿದ್ದರೂ ಸ್ಪ್ಯಾನರ್ ಮುಟ್ಟಿಸಿದ ಕೂಡಲೇ ಬಂದಿತು. ಸ್ಪ್ರಿಂಗ್ ವಾಷರ್ ಒಮ್ಮೆ ಚಪ್ಪಟೆಯಾದ ಮೇಲೆ ಸಾದಾ ವಾಷರಿಗಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಬೋಲ್ಟಿಗೆ ಅಡ್ಡಲಾಗಿ ಬೀಳುವ ಅಲುಗಾಟವೇ ನಟ್ಟನ್ನು ಬಿಚ್ಚುತ್ತದೆ ಎಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿಯೇ ಪ್ರಯೋಗ ಮಾಡಿ ತೋರಿಸಿದ್ದಾರೆ, ಆ ಬಗೆಯ ಪರೀಕ್ಷೆಗೆ ಇಂದಿಗೂ ಅವರದೇ ಹೆಸರಿದೆ. ಲಿಂಕ್ ರಾಡಿನ ತುದಿಗೆ ಬೀಳುವುದು ಅಂಥ ಅಲುಗಾಟವೇ.

ನಟ್ಟು ಸಡಿಲವಾಗಿ ಬಹಳ ಕಾಲ ಓಡಿದ್ದರಿಂದ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಬ್ರ್ಯಾಕೆಟ್ಟಿನ ತೂತು ಒಂದು ದಿಕ್ಕಿನಲ್ಲಿ ಅರ್ಧ ಮಿಲಿಮೀಟರಿನ ಹತ್ತಿರ ಸವೆದು ಅಂಡಾಕಾರವಾಗಿತ್ತು. ಇನ್ನೂ ಹೆಚ್ಚು ಸವೆದಿದ್ದರೆ ಸ್ಟ್ರಟ್ಟನ್ನೇ ಬದಲಾಯಿಸಬೇಕಾಗುತ್ತಿತ್ತು. ಹತ್ತು ರೂಪಾಯಿಯ ನಟ್ಟಿನ ಉಳಿತಾಯ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಆ ತೂತೇ ಸಾಕ್ಷಿ. ಇದೇ ಪರೀಕ್ಷೆಯಲ್ಲಿ ಎರಡೂ ಲೋವರ್ ಆರ್ಮುಗಳ ಹಿಂದಿನ ಬುಷ್ (ಆರ್ಮು ತಿರುಗುವ ಕಡೆಯ ರಬ್ಬರ್ ಕೀಲು) ಸೀಳಿರುವುದೂ, ಎಡ ಟೈ ರಾಡ್ ಎಂಡಿನ ರಬ್ಬರ್ ಬೂಟ್ ಹರಿದಿರುವುದೂ ಕಂಡವು. ಕೆಲಸ ದೊಡ್ಡದಾಯಿತು.

ಹಂತ 2: ಬಿಚ್ಚುವ ಮೊದಲೇ ಅಳತೆ

ವೈರ್ ಬ್ರಷ್ಷಿನಿಂದ ಬೋಲ್ಟುಗಳ ಹೊರಚಾಚಿದ ತುದಿಗಳನ್ನೆಲ್ಲ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಟ್ಟೆ. ಕೆಂಪು ಮಣ್ಣು ಮತ್ತು ಉಪ್ಪು ಸೇರಿ ಥ್ರೆಡ್ಡಿನ ಸಂದಿಯಲ್ಲಿ ಗಾರೆಯಾಗಿ ಕೂತಿತ್ತು. ಅದನ್ನು ತೆಗೆಯದೆ ಅಳೆದರೆ ಅಂಕಿ ತಪ್ಪುತ್ತದೆ.

ಅಳೆಯಬೇಕಾದದ್ದು ನಾಲ್ಕು ಸಂಗತಿ. ಮೊದಲನೆಯದು ಬೋಲ್ಟಿನ ಹೊರವ್ಯಾಸ. ವರ್ನಿಯರ್ ಮಾಪಕದಲ್ಲಿ 9.8 ಮಿ.ಮೀ. ಬಂದರೆ ಅದು ಎಂ10 (ಹೆಸರಿಗೆ 10 ಮಿ.ಮೀ. ವ್ಯಾಸದ್ದು), 11.8 ಬಂದರೆ ಎಂ12. ಹೊರವ್ಯಾಸ ಯಾವಾಗಲೂ ಹೆಸರಿಗಿಂತ ಒಂದಿಷ್ಟು ಕಡಿಮೆಯೇ ಇರುತ್ತದೆ. ಎರಡನೆಯದು ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನ ಥ್ರೆಡ್ಡಿಗೆ ಇರುವ ಅಂತರ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಂ10 ನಟ್ಟಿನ ಪಿಚ್ 1.5, ಎಂ12ರದು 1.75. ಜಪಾನೀ ವಿನ್ಯಾಸದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡಕ್ಕೂ 1.25. ಪಿಚ್ ಗೇಜ್ ಇಲ್ಲದವರು ಹತ್ತು ಥ್ರೆಡ್ಡುಗಳ ಉದ್ದವನ್ನು ವರ್ನಿಯರಿನಿಂದ ಅಳೆದರೆ ಸಾಕು: 12.5 ಮಿ.ಮೀ. ಬಂದರೆ 1.25, 15 ಬಂದರೆ 1.5. ನಮ್ಮ ಕಾರಿನಲ್ಲಿ ಲಿಂಕ್ ರಾಡಿನದು ಎಂ10, ಪಿಚ್ 1.25, ಲೋವರ್ ಆರ್ಮಿನ ಮುಂದಿನ ಬೋಲ್ಟಿನದೂ ಟೈ ರಾಡ್ ಎಂಡಿನದೂ ಎಂ12, ಪಿಚ್ 1.25.

ಮೂರನೆಯದು ಬೋಲ್ಟಿನ ತಲೆಯ ಮೇಲಿನ ಗುರುತು. 8.8 ಎಂದಿದ್ದರೆ ನಟ್ಟಿನ ಮೇಲೆ 8, 10.9 ಎಂದಿದ್ದರೆ ನಟ್ಟಿನ ಮೇಲೆ 10 ಇರಬೇಕು. ನಟ್ಟು ಮೇಲಿನ ದರ್ಜೆಯದಾದರೆ ಅಡ್ಡಿಯಿಲ್ಲ, ಕೆಳಗಿನದಾದರೆ ಕೂಡದು. 10.9 ಎಂದರೆ ಆ ಉಕ್ಕು 1000 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆ. ಅದರ ಬಿಗಿತಕ್ಕೆ ಕಡಿಮೆ ದರ್ಜೆಯ ನಟ್ಟಿನ ಥ್ರೆಡ್ ಒಳಗೊಳಗೇ ಕಿತ್ತು ಬರುತ್ತದೆ, ಹೊರಗಿನಿಂದ ನೋಡಿದವರಿಗೆ ತಿಳಿಯುವುದೂ ಇಲ್ಲ. ನಮ್ಮ ಲೋವರ್ ಆರ್ಮಿನ ಬೋಲ್ಟಿನ ಮೇಲೆ 10.9 ಇತ್ತು.

ನಾಲ್ಕನೆಯದು ಸ್ಪ್ಯಾನರಿನ ಅಳತೆ. ಇದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ, ಆದರೆ ಅಂಗಡಿಯಲ್ಲಿ ಬೇಗ ಕೆಲಸಕ್ಕೆ ಬರುವುದು ಇದೇ. ಕಾರಿನಲ್ಲಿ ಬಂದ ಎಂ10 ನಟ್ಟಿಗೆ 14 ನಂಬರಿನ ಸ್ಪ್ಯಾನರ್, ಎಂ12ಕ್ಕೆ 17 ನಂಬರಿನದು ಸರಿಹೊಂದಿತ್ತು. ಹಾರ್ಡ್‌ವೇರ್ ಅಂಗಡಿಯ ಎಂ10 ನಟ್ಟಿಗೆ 17 ಅಥವಾ 16, ಎಂ12ಕ್ಕೆ 19 ಅಥವಾ 18 ಬೇಕಾಗುತ್ತದೆ. ಎಂ10 ಎಂದು ಕೊಟ್ಟ ನಟ್ಟಿಗೆ 17ರ ಸ್ಪ್ಯಾನರ್ ಕೂತರೆ ಅದು ಕಟ್ಟಡ ಅಥವಾ ಯಂತ್ರದ ಕೆಲಸದ ನಟ್ಟು, ಪಿಚ್ ಬಹುಪಾಲು 1.5 ಎಂದು ಊಹಿಸಬಹುದು. ಸ್ಟ್ರಟ್ ಬ್ರ್ಯಾಕೆಟ್ಟಿನ ಇಕ್ಕಟ್ಟಿನಲ್ಲಿ ದೊಡ್ಡ ತಲೆಯ ನಟ್ಟಿಗೆ ಸಾಕೆಟ್ ಇಳಿಯುವುದೂ ಇಲ್ಲ.

ಹಂತ 3: ಬಿಚ್ಚಿದ್ದು

ಎಡಬದಿಯ ಸಾದಾ ನಟ್ಟು ಮೊದಲೇ ಹೇಳಿದಂತೆ ಸುಲಭವಾಗಿ ಬಂದಿತು. ಬಲಬದಿಯ ಮೂಲ ನಟ್ಟು ಅಷ್ಟೇ ಹಠ ಮಾಡಿತು. ಲಿಂಕ್ ರಾಡಿನ ಬೋಲ್ಟು ಗುಂಡಿನಾಕಾರದ ಜಾಯಿಂಟಿಗೆ ಸೇರಿರುವುದರಿಂದ ನಟ್ಟಿನ ಜೊತೆಗೆ ತಾನೂ ತಿರುಗುತ್ತದೆ. ಅದನ್ನು ಹಿಡಿಯಲು ತುದಿಯಲ್ಲಿ ಅಲೆನ್ ಕೀ ಕೂರುವ ಗುಳಿ ಇರುತ್ತದೆ. ಆ ಗುಳಿಯ ಮೂಲೆಗಳು ತುಕ್ಕಿನಿಂದ ಕರಗಿದ್ದವು, 5 ಮಿ.ಮೀ.ನ ಕೀ ಜಾರತೊಡಗಿತು. ವೈಸ್ ಗ್ರಿಪ್ಪಿನಿಂದ ರಬ್ಬರ್ ಬೂಟಿನ ಹಿಂದೆ ಹಿಡಿದರೂ ನಿಲ್ಲಲಿಲ್ಲ. ಹೇಗೂ ಲಿಂಕ್ ರಾಡ್ ಹೊಸದು ಬರುವುದರಿಂದ ಆಂಗಲ್ ಗ್ರೈಂಡರಿನಿಂದ ನಟ್ಟನ್ನು ಒಂದು ಬದಿಯಲ್ಲಿ ಸೀಳಿ ತೆಗೆದೆ. ಬ್ರ್ಯಾಕೆಟ್ಟಿಗೆ ಗ್ರೈಂಡರಿನ ಬಿಲ್ಲೆ ತಾಗದಂತೆ ತೆಳು ತಗಡನ್ನು ನಡುವೆ ಇಟ್ಟಿದ್ದೆ, ಬ್ರೇಕ್ ಹೋಸಿನ ಮೇಲೆ ಒದ್ದೆ ಗೋಣಿ ಹೊದಿಸಿದ್ದೆ. ಗ್ಯಾಸಿನಿಂದ ಕಾಯಿಸುವ ದಾರಿಯನ್ನು ಇಲ್ಲಿ ಹಿಡಿಯಬಾರದು: ನೈಲಾನ್ ಕರಗಿ ಥ್ರೆಡ್ಡಿಗೆ ಅಂಟುತ್ತದೆ, ಪಕ್ಕದ ರಬ್ಬರ್ ಹಾಳಾಗುತ್ತದೆ, ಬಿಸಿಯಾದ ಬೋಲ್ಟಿನ ಗಟ್ಟಿತನವೂ ಇಳಿಯುತ್ತದೆ.

ಲೋವರ್ ಆರ್ಮಿನ ಮುಂದಿನ ಬೋಲ್ಟು ನಟ್ಟು ಬಿಟ್ಟ ಮೇಲೆಯೂ ಹೊರಗೆ ಬರಲಿಲ್ಲ. ಬುಷ್ಷಿನ ಒಳಗಿನ ಉಕ್ಕಿನ ಕೊಳವೆಗೆ ಬೋಲ್ಟು ತುಕ್ಕು ಹಿಡಿದು ಅಂಟಿಕೊಂಡಿತ್ತು. ನಮ್ಮ ಕರಾವಳಿಯ ಕಾರುಗಳಲ್ಲಿ ಇದು ತೀರ ಸಾಮಾನ್ಯ. ಎಣ್ಣೆ ಹೊಡೆದು, ತಲೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಬಲಬದಿಯದನ್ನು ಹೊರತಂದದ್ದಾಯಿತು, ಎಡಬದಿಯದನ್ನು ಕತ್ತರಿಸಲೇಬೇಕಾಯಿತು. ಹೊರಬಂದ ಬೋಲ್ಟಿನ ನಡುಭಾಗ ವರ್ನಿಯರಿನಲ್ಲಿ 11.3 ಮಿ.ಮೀ.ಗೆ ಸವೆದಿತ್ತು. ಇಂಥದ್ದನ್ನು ಉಜ್ಜಿ ಮತ್ತೆ ಹಾಕುವ ಪ್ರಶ್ನೆಯೇ ಇಲ್ಲ. ಬೋಲ್ಟು ನಟ್ಟು ಎರಡೂ ಹೊಸದೇ ಆಗಬೇಕು.

ಹಂತ 4: ಅಂಗಡಿಯಲ್ಲಿ

ಲಿಂಕ್ ರಾಡಿನ ಪೆಟ್ಟಿಗೆಯಲ್ಲಿ ಅದರದೇ ಲಾಕ್ ನಟ್ಟುಗಳಿದ್ದವು. ಟೈ ರಾಡ್ ಎಂಡಿನ ಜೊತೆ ಕ್ಯಾಸಲ್ ನಟ್ಟು (ತುದಿಯಲ್ಲಿ ಸೀಳುಗಳಿರುವ ನಟ್ಟು), ಆ ಸೀಳಿನಲ್ಲಿ ತೂರಿಸಿ ಬಾಗಿಸುವ ಕಾಟರ್ ಪಿನ್ ಇದ್ದವು. ಲೋವರ್ ಆರ್ಮಿನ ಬೋಲ್ಟು ನಟ್ಟುಗಳನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಕಂಪನಿಯ ಭಾಗವನ್ನು ಶಿರಸಿಯ ಒಂದು ಸ್ಪೇರ್ ಅಂಗಡಿಯಲ್ಲಿ ಹೇಳಿಟ್ಟರೆ ಹುಬ್ಬಳ್ಳಿಯಿಂದ ತರಿಸಿಕೊಡುವುದಾಗಿ ಹೇಳಿದರು. ಅದು ಬರುವವರೆಗೆ ಕಾರವಾರದಲ್ಲಿ ಏನೇನು ಸಿಗುತ್ತದೆ ಎಂದು ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ, ಸಿಕ್ಕ ನಟ್ಟುಗಳನ್ನು ಮನೆಗೆ ತಂದು ಹಳೆಯ ಬೋಲ್ಟಿನ ಮೇಲೆ ವೈಸಿನಲ್ಲಿ ಪರೀಕ್ಷಿಸಿದೆ. ಕಾರಿಗೆ ಹಾಕಲೆಂದಲ್ಲ, ಎಲ್ಲರೂ ಹಾಕುವ ನಟ್ಟು ಏಕೆ ಸಲ್ಲದು ಎಂಬುದನ್ನು ಕೈಯಾರೆ ನೋಡಬೇಕಿತ್ತು.

ಮೊದಲನೆಯದು ಸಾಮಾನ್ಯ ನೈಲಾಕ್ ನಟ್ಟು, ಅಂದರೆ ನೈಲಾನ್ ಬಳೆಯದು, ಎಂ12. "ಹನ್ನೆರಡರದ್ದು ಇದೇ ಸರ್, ಎಲ್ಲಾ ಗಾಡಿಗೂ ಇದೇ ಹೋಗ್ತದೆ" ಎಂದು ಅಂಗಡಿಯವರು ಕೊಟ್ಟರು. ಬೋಲ್ಟಿನ ತುದಿಗೆ ಹತ್ತಿದಂತೆ ಮಾಡಿ, ಒಂದು ಸುತ್ತು ತುಂಬುವ ಮೊದಲೇ ಬಿಗಿಯಾಗಿ ನಿಂತಿತು, ಏಕೆಂದರೆ ಪಿಚ್ 1.75. ಇಲ್ಲಿರುವ ಅಪಾಯವನ್ನು ಒತ್ತಿ ಹೇಳಬೇಕು. ಲಾಕ್ ನಟ್ಟು ಬಿಗಿಯಾಗಿಯೇ ಇರುತ್ತದೆ ಎಂಬ ಭಾವನೆಯಿಂದ, ಪಿಚ್ ತಪ್ಪಿ ಬಿಗಿಯಾದದ್ದನ್ನೂ ನೈಲಾನಿನ ಬಿಗಿ ಎಂದುಕೊಂಡು ಇಂಪ್ಯಾಕ್ಟ್ ಗನ್ನಿನಿಂದ ಏರಿಸುವವರಿದ್ದಾರೆ. ಬೋಲ್ಟಿನ ಥ್ರೆಡ್ಡೇ ಹೋಗುತ್ತದೆ. ನೈಲಾನ್ ಬಳೆ ಇರುವುದು ನಟ್ಟಿನ ಹೊರತುದಿಯಲ್ಲಿ. ಅಲ್ಲಿಗೆ ಬೋಲ್ಟಿನ ತುದಿ ಮುಟ್ಟುವವರೆಗೆ ಸರಿಯಾದ ನಟ್ಟು ಬೆರಳಿನಿಂದಲೇ ಸರಾಗವಾಗಿ ತಿರುಗಬೇಕು, ಆಮೇಲೆ ಮಾತ್ರ ಸ್ಪ್ಯಾನರ್ ಬೇಡಬೇಕು. ಮೊದಲ ಸುತ್ತುಗಳಲ್ಲಿಯೇ ಬಿಗಿಯಾದರೆ ಪಿಚ್ ತಪ್ಪಿದೆ, ಇಲ್ಲವೇ ಥ್ರೆಡ್ಡಿನಲ್ಲಿ ಕೊಳೆ ಇದೆ.

ಎರಡನೆಯದು ಸ್ಟೇನ್‌ಲೆಸ್ ಸ್ಟೀಲಿನ ನೈಲಾಕ್ ನಟ್ಟು ಮತ್ತು ಅದರದೇ ಸ್ಟೇನ್‌ಲೆಸ್ ಬೋಲ್ಟು. ದೋಣಿಗಳ ಕೆಲಸಕ್ಕೆ ಬಳಸುವುದರಿಂದ ಬೈತಕೋಲ ಬಂದರಿನ ಸುತ್ತ ಇದರ ಮೇಲೆ ಬಹಳ ನಂಬಿಕೆಯಿದೆ, ಉಪ್ಪು ಗಾಳಿಗೆ ತುಕ್ಕು ಹಿಡಿಯದು ಎಂಬ ಮಾತೂ ತಕ್ಕಮಟ್ಟಿಗೆ ನಿಜ. ಆದರೆ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯದರ ಬಲ 700 ಮೆಗಾಪ್ಯಾಸ್ಕಲ್, 8.8ಕ್ಕಿಂತಲೂ ಕಡಿಮೆ. 10.9 ಇರಬೇಕಾದ ಜಾಗಕ್ಕೆ ಅದು ಸಲ್ಲುವುದೇ ಇಲ್ಲ. ವೈಸಿನಲ್ಲಿ ಸ್ವಲ್ಪ ವೇಗವಾಗಿ ಬಿಗಿ ಮಾಡಿದಾಗ ಇನ್ನೊಂದು ತೊಂದರೆಯೂ ಕಂಡಿತು. ಅರ್ಧ ದಾರಿಯಲ್ಲಿ ನಟ್ಟು ಬೋಲ್ಟಿಗೆ ಹಿಡಿದುಕೊಂಡು ನಿಂತಿತು, ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಜೋರು ಮಾಡಿದಾಗ ಬೋಲ್ಟು ತಿರುಚಿ ತುಂಡಾಯಿತು. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದಾಗ ಮೇಲ್ಮೈ ಹರಿದು ಒಂದಕ್ಕೊಂದು ಬೆಸೆದುಕೊಳ್ಳುವ ಗುಣವಿದೆ, ನೈಲಾಕಿನ ಹೆಚ್ಚಿನ ತಿಕ್ಕಾಟದಲ್ಲಿ ಅದು ಇನ್ನಷ್ಟು ಬೇಗ ಆಗುತ್ತದೆ. ನಂಬರ್ ಪ್ಲೇಟಿಗೆ, ಮಡ್ ಫ್ಲ್ಯಾಪಿಗೆ ಸ್ಟೇನ್‌ಲೆಸ್ ಹಾಕಿ, ಸಸ್ಪೆನ್ಶನ್‌ಗೆ ಬೇಡ.

ಮೂರನೆಯದು ಗುರುತೇ ಇಲ್ಲದ ಹಳದಿ ಲೇಪದ ನಟ್ಟು. ಪಿಚ್ 1.25 ಸರಿಯಿತ್ತು, ಬೆರಳಿನಿಂದ ಚೆನ್ನಾಗಿ ತಿರುಗಿತು. ಮೈಮೇಲೆ 8 ಎಂದಾಗಲಿ 10 ಎಂದಾಗಲಿ ಇರಲಿಲ್ಲ. ದರ್ಜೆಯ ಗುರುತಿಲ್ಲದ ನಟ್ಟು ಎಷ್ಟು ಗಟ್ಟಿ ಎಂದು ನೋಡಿ ಹೇಳುವ ದಾರಿ ಮನೆಯಲ್ಲಿಲ್ಲ. ಅದನ್ನು ಪಕ್ಕಕ್ಕಿಟ್ಟೆ.

ಎತ್ತರವನ್ನೂ ನೋಡಬೇಕು. ಡಿಐಎನ್ 985 ಎಂಬ ಮಾನಕದ ನೈಲಾಕ್ ನಟ್ಟು ಎಂ12ರಲ್ಲಿ 12 ಮಿ.ಮೀ. ಎತ್ತರ, ಡಿಐಎನ್ 982ರದು 14 ಮಿ.ಮೀ. ನೈಲಾನ್ ಬಳೆ ಭಾರ ಹೊರುವುದಿಲ್ಲವಾದ್ದರಿಂದ ಗಿಡ್ಡ ನಟ್ಟಿನಲ್ಲಿ ಭಾರ ಹೊರುವ ಥ್ರೆಡ್ಡುಗಳು ಅಷ್ಟರಮಟ್ಟಿಗೆ ಕಡಿಮೆ. ಬೋಲ್ಟಿನ ಉದ್ದ ಅನುಮತಿಸಿದರೆ ಎತ್ತರದ್ದೇ ಮೇಲು.

ಹುಬ್ಬಳ್ಳಿಯಿಂದ ಬಂದ ಭಾಗದಲ್ಲಿ ಮಂಕು ಬೂದು ಬಣ್ಣದ ಜಿಂಕ್ ಫ್ಲೇಕ್ ಲೇಪದ ಫ್ಲೇಂಜ್ ನಟ್ಟು ಇತ್ತು, ಮೇಲೆ 10 ಎಂಬ ಅಚ್ಚು ಸ್ಪಷ್ಟವಾಗಿತ್ತು. ಹೊಳೆಯುವ ಸಾದಾ ಜಿಂಕ್ ಲೇಪಕ್ಕಿಂತ ಇದು ಉಪ್ಪಿಗೆ ಬಹಳ ಹೆಚ್ಚು ಕಾಲ ತಡೆಯುತ್ತದೆ. ನೋಡಲು ಚಂದವಿಲ್ಲವೆಂದು ಅಂಗಡಿಯಲ್ಲಿ ಇದನ್ನು ಹಿಂದಿರುಗಿಸುವವರಿದ್ದಾರೆಂದು ಕೇಳಿ ಬೇಸರವಾಯಿತು. ಕಾರವಾರದಿಂದ ಭಟ್ಕಳದವರೆಗಿನ ಗಾಳಿಗೆ ಬೇಕಾದದ್ದು ಇದೇ ಲೇಪ.

ಹಂತ 5: ಯಾವ ಜಾಗಕ್ಕೆ ಯಾವುದು

ಲಿಂಕ್ ರಾಡಿಗೆ ಫ್ಲೇಂಜ್ ಇರುವ ಲಾಕ್ ನಟ್ಟು. ಬ್ರ್ಯಾಕೆಟ್ಟಿನ ತೂತು ಸವೆದಿರುವ ನಮ್ಮಂಥ ಕಡೆ ಫ್ಲೇಂಜಿನ ಅಗಲವೇ ರಕ್ಷೆ. ಸಾದಾ ನೈಲಾಕ್ ನಟ್ಟನ್ನು ವಾಷರ್ ಇಟ್ಟು ಹಾಕುವುದಾದರೆ ವಾಷರ್ ಗಟ್ಟಿ ಉಕ್ಕಿನದಾಗಿರಬೇಕು. ಅಂಗಡಿಯ ಮೆತ್ತನೆಯ ವಾಷರ್ ಬಿಗಿ ಮಾಡಿದಂತೆ ಬಟ್ಟಲಿನ ಹಾಗೆ ಬಾಗಿ, ಓಡಿದಂತೆ ಇನ್ನಷ್ಟು ತಗ್ಗಿ, ಬಿಗಿತವನ್ನು ಕಳೆಯುತ್ತದೆ.

ಟೈ ರಾಡ್ ಎಂಡಿಗೆ ಕ್ಯಾಸಲ್ ನಟ್ಟು ಮತ್ತು ಕಾಟರ್ ಪಿನ್ನೇ ಆಗಬೇಕು, ಕಾರಿನಲ್ಲಿ ಮೂಲತಃ ಹಾಗಿದ್ದರೆ ನೈಲಾಕಿಗೆ ಬದಲಾಯಿಸಬಾರದು. ಸ್ಟಿಯರಿಂಗಿನ ಜಾಗವಿದು, ನಟ್ಟು ಬಿಗಿತ ಕಳೆದುಕೊಂಡರೂ ಉದುರಬಾರದು. ಹೇಳಿದ ಟಾರ್ಕಿಗೆ ಬಿಗಿ ಮಾಡಿದ ಮೇಲೆ ನಟ್ಟಿನ ಸೀಳು ಬೋಲ್ಟಿನ ತೂತಿಗೆ ಸೇರದಿದ್ದರೆ ಮುಂದಕ್ಕೆ, ಅಂದರೆ ಇನ್ನೂ ಬಿಗಿಯ ಕಡೆಗೆ ತಿರುಗಿಸಿ ಸೇರಿಸಬೇಕು. ಪಿನ್ ತೂರಿಸಲೆಂದು ಹಿಂದಕ್ಕೆ ಸಡಿಲಿಸುವುದು ನಾನು ಕಣ್ಣಾರೆ ನೋಡಿರುವ, ಆದರೆ ಮಾಡಲೇಬಾರದ ಕೆಲಸ. ಪಿನ್ ತೂತಿನಷ್ಟೇ ದಪ್ಪವಿರಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬಾರದು, ಕಬ್ಬಿಣದ ತಂತಿಯನ್ನಂತೂ ಹಾಕಲೇಬಾರದು.

ಟೈ ರಾಡಿನ ಉದ್ದ ಹಿಡಿಯುವ ನಟ್ಟು ಮಾತ್ರ ಸಾದಾ ಚೆಕ್ ನಟ್ಟು. ವೀಲ್ ಅಲೈನ್‌ಮೆಂಟಿಗಾಗಿ ಅದನ್ನು ಪದೇ ಪದೇ ಬಿಚ್ಚಬೇಕಾಗುತ್ತದೆ, ಅಲ್ಲಿ ನೈಲಾನ್ ಬೇಕಿಲ್ಲ.

ಲೋವರ್ ಆರ್ಮಿನ ಮುಂದಿನ ಬೋಲ್ಟಿಗೆ 10ನೇ ದರ್ಜೆಯ ಪೂರ್ತಿ ಲೋಹದ ಲಾಕ್ ನಟ್ಟು. ಇದರಲ್ಲಿ ನೈಲಾನ್ ಇರುವುದಿಲ್ಲ, ನಟ್ಟಿನ ಮೇಲ್ತುದಿಯನ್ನು ಕಾರ್ಖಾನೆಯಲ್ಲಿಯೇ ಸ್ವಲ್ಪ ಅದುಮಿ ಗುಂಡಗಿನ ಆಕಾರ ಕೆಡಿಸಿರುತ್ತಾರೆ, ಆ ಅದುಮಿದ ಭಾಗ ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಆರ್ಮಿನ ತುದಿಯ ಬಾಲ್ ಜಾಯಿಂಟನ್ನು ನಕಲ್ಲಿಗೆ (ಚಕ್ರ ಕೂರುವ ಉಕ್ಕಿನ ಭಾಗ) ಅದುಮಿ ಹಿಡಿಯುವ ಪಿಂಚ್ ಬೋಲ್ಟಿಗೂ ನಾನು ಇದೇ ಬಗೆಯನ್ನು ಆರಿಸಿದೆ. ನೈಲಾಕ್ ನಟ್ಟು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಎಂದು ತಯಾರಕರು ಹೇಳುತ್ತಾರೆ. ಬಯಲಿನಲ್ಲಿ ಅದು ಸಾಕು. ಶಿರಸಿಯಿಂದ ದೇವಿಮನೆ ಇಳಿದು ಕುಮಟಾಕ್ಕೆ ಬರುವಾಗಲೋ, ಯಲ್ಲಾಪುರದಿಂದ ಅರಬೈಲು ಇಳಿಯುವಾಗಲೋ ಲಾರಿಗಳ ಹಿಂದೆ ಬ್ರೇಕ್ ತುಳಿಯುತ್ತಲೇ ಬಂದು ನಿಲ್ಲಿಸಿದರೆ ಡಿಸ್ಕಿನ ಪಕ್ಕದ ಬಿಸಿ ಎಷ್ಟೆಂದು ಮೂಗಿಗೇ ತಿಳಿಯುತ್ತದೆ. ಡಿಸ್ಕಿನ ಅಂಗೈ ಅಗಲದೊಳಗೆ ನೈಲಾನ್ ಬೇಡ ಎಂಬುದು ನನ್ನ ನಿರ್ಧಾರ, ಕೈಪಿಡಿಯ ಮಾತಲ್ಲ.

ಆರ್ಮಿನ ಹಿಂದಿನ ಬೋಲ್ಟು ಸಬ್‌ಫ್ರೇಮಿನೊಳಗೆ (ಕಾರಿನ ಕೆಳಚೌಕಟ್ಟು) ಬೆಸೆದಿರುವ ನಟ್ಟಿಗೆ ಹೋಗಿ ಕೂರುತ್ತದೆ, ಅಲ್ಲಿ ಲಾಕ್ ನಟ್ಟಿಗೆ ಎಡೆಯಿಲ್ಲ. ಥ್ರೆಡ್ಡನ್ನು ಪೆಟ್ರೋಲಿನಿಂದ ತೊಳೆದು ಒಣಗಿಸಿ, ನೀಲಿ ಬಣ್ಣದ ಮಧ್ಯಮ ಬಲದ ಥ್ರೆಡ್ ಲಾಕರ್ ಹಚ್ಚಿದೆ. ಕೆಂಪು ಬಣ್ಣದ್ದನ್ನು ಹಚ್ಚಿದರೆ ಮುಂದೆ ಬಿಚ್ಚುವಾಗ ಕಾಯಿಸಬೇಕಾಗುತ್ತದೆ, ಪಕ್ಕದಲ್ಲೇ ರಬ್ಬರ್ ಬುಷ್ ಇದೆ.

ಹಂತ 6: ಬಿಗಿ ಮಾಡಿದ್ದು, ಮತ್ತು ಒಮ್ಮೆ ತಿರುಗಿ ಬಿಚ್ಚಿದ್ದು

ಕತ್ತರಿಸಿ ತೆಗೆದ ಎಡಬದಿಯ ಬೋಲ್ಟಿಗೆ ಬದಲಾಗಿ ಮೊದಲು ಸಿಕ್ಕ ಬೋಲ್ಟು ವ್ಯಾಸ, ಪಿಚ್, ಉದ್ದ, 10.9ರ ಗುರುತು ಎಲ್ಲದರಲ್ಲಿಯೂ ಸರಿಯಿತ್ತು. ಬಿಗಿ ಮಾಡಿದಾಗ, ಹೊಂದಿಸಿದ ಟಾರ್ಕ್ ಮುಟ್ಟಿದ ಕೂಡಲೇ ಸದ್ದು ಮಾಡುವ ಟಾರ್ಕ್ ರೆಂಚ್ ಕ್ಲಿಕ್ ಎಂದಿತು. ಆದರೆ ಬೋಲ್ಟಿನ ತಲೆಯ ಕೆಳಗಿನ ವಾಷರನ್ನು ಬೆರಳಿನಿಂದ ತಳ್ಳಿದರೆ ಅದು ತಿರುಗುತ್ತಿತ್ತು. ನಟ್ಟು ಬಿಚ್ಚಿ ನೋಡಿದಾಗ ಕಾರಣ ಸ್ಪಷ್ಟವಾಯಿತು: ಬೋಲ್ಟಿನ ಥ್ರೆಡ್ ಇಲ್ಲದ ನಯವಾದ ಭಾಗ ಹಳೆಯದಕ್ಕಿಂತ 4 ಮಿ.ಮೀ. ಉದ್ದವಿತ್ತು. ನಟ್ಟು ಥ್ರೆಡ್ ಮುಗಿದಲ್ಲಿ ತಡೆದು ನಿಂತಿತ್ತು, ಆರ್ಮನ್ನು ಒತ್ತಿರಲೇ ಇಲ್ಲ. ಪೂರ್ತಿ ಟಾರ್ಕ್ ಬಿದ್ದಿದ್ದರೂ ಹಿಡಿತ ಸೊನ್ನೆ. ಬೋಲ್ಟಿನ ಒಟ್ಟು ಉದ್ದ ಅಳೆದರೆ ಸಾಲದು, ನಯವಾದ ಭಾಗದ ಉದ್ದವನ್ನೂ ಥ್ರೆಡ್ ಇರುವ ಭಾಗದ ಉದ್ದವನ್ನೂ ಬೇರೆ ಬೇರೆ ಅಳೆಯಬೇಕು. ಒಂದೆರಡು ವಾಷರ್ ಸೇರಿಸಿ ಸರಿಪಡಿಸುವ ಮಾತನ್ನು ಯಾರಾದರೂ ಆಡಿದರೆ ಒಪ್ಪಬಾರದು. ಸರಿಯಾದ ಬೋಲ್ಟು ಬರುವವರೆಗೆ ಕಾರು ಸ್ಟ್ಯಾಂಡಿನ ಮೇಲೆಯೇ ನಿಂತಿತು, ಆ ನಟ್ಟನ್ನೂ ಕಸಕ್ಕೆ ಹಾಕಿ ಹೊಸದನ್ನು ತರಿಸಿದೆ.

ಟಾರ್ಕಿನ ವಿಷಯದಲ್ಲಿ ಕೈಪಿಡಿಯ ಅಂಕಿಯೇ ಪ್ರಮಾಣ. ನಟ್ಟು ಇನ್ನೂ ಏನನ್ನೂ ಒತ್ತದೆ ಬೋಲ್ಟಿನ ಮೇಲೆ ಬರಿದೇ ತಿರುಗುವಾಗ ಎಷ್ಟು ಬಲ ಬೇಡುತ್ತದೆ ಎಂಬುದನ್ನು ಮುಳ್ಳು ತೋರಿಸುವ ಬೀಮ್ ಟಾರ್ಕ್ ರೆಂಚಿನಲ್ಲಿ ನೋಡಿಕೊಂಡೆ. ಕ್ಲಿಕ್ ಆಗುವ ರೆಂಚಿನಲ್ಲಿ ಇದನ್ನು ಓದಲಾಗದು. ಹೊಸ ಲಿಂಕ್ ರಾಡ್ ನಟ್ಟಿಗೆ ಸುಮಾರು 5 ನ್ಯೂಟನ್ ಮೀಟರ್ ಬಂದಿತು. ಕೈಪಿಡಿಯ ಅಂಕಿ ಲಾಕ್ ನಟ್ಟಿನ ಈ ತಿಕ್ಕಾಟವನ್ನು ಸೇರಿಸಿಯೇ ಕೊಟ್ಟದ್ದಾದರೆ ಹಾಗೆಯೇ ಬಿಡಬೇಕು; ಬೇರೆ ಬಗೆಯ ನಟ್ಟು ಹಾಕಿದ್ದರೆ ಈ 5ನ್ನು ಕೂಡಿಸಬೇಕು. ಬಲಬದಿಯಿಂದ ಸೀಳದೆ ತೆಗೆದ ಕೆಳಗಿನ ನಟ್ಟನ್ನು ಕುತೂಹಲಕ್ಕೆ ಪರೀಕ್ಷಿಸಿದರೆ ಮುಳ್ಳು ಅಲುಗಿದಂತೆ ತೋರಿತೇ ಹೊರತು ಅಂಕಿ ಓದುವಷ್ಟು ಏರಲಿಲ್ಲ. ಒಮ್ಮೆ ಬಿಚ್ಚಿದ ಲಾಕ್ ನಟ್ಟನ್ನು ಸಸ್ಪೆನ್ಶನ್‌ನಲ್ಲಿ ಮತ್ತೆ ಏಕೆ ಹಾಕಬಾರದು ಎಂದು ಕೇಳುವವರಿಗೆ ಅದನ್ನೇ ತೋರಿಸುತ್ತೇನೆ.

ಥ್ರೆಡ್ಡಿಗೆ ಗ್ರೀಸಾಗಲಿ ಎಂಜಿನ್ ಎಣ್ಣೆಯಾಗಲಿ ಹಚ್ಚಿಲ್ಲ. ತುಕ್ಕು ತಡೆಯಲೆಂದು ಗ್ರೀಸ್ ಹಚ್ಚಿ ಬಿಗಿ ಮಾಡುವ ರೂಢಿ ನಮ್ಮ ಕಡೆ ಇದೆ. ಜಾರುವಿಕೆ ಹೆಚ್ಚಿ ಅದೇ ಟಾರ್ಕಿಗೆ ಬೋಲ್ಟು ಬೇಕಾದುದಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ಬಿಗಿ ಮಾಡಿ ಮುಗಿದ ಮೇಲೆ ಹೊರಗೆ ಚಾಚಿದ ತುದಿಗೆ ಹಚ್ಚಿದರೆ ಸಾಕು. ನಟ್ಟಿನಿಂದ ಕನಿಷ್ಠ ಒಂದು ಪೂರ್ತಿ ಥ್ರೆಡ್ ಹೊರಗೆ ಕಾಣಬೇಕು, ಎರಡು ಕಂಡರೆ ನನಗೆ ಸಮಾಧಾನ. ಬೋಲ್ಟಿನ ತುದಿ ನೈಲಾನ್ ಬಳೆಯೊಳಗೇ ಮುಗಿದಿದ್ದರೆ ಅದು ಲಾಕ್ ಆಗಿಲ್ಲ.

ಲೋವರ್ ಆರ್ಮಿನ ಬೋಲ್ಟುಗಳನ್ನು ಚಕ್ರ ಜೋತಾಡುತ್ತಿರುವಾಗ ಕೈಬಿಗಿ ಮಾತ್ರ ಮಾಡಿ, ಆಮೇಲೆ ಜಾಕನ್ನು ಆರ್ಮಿನ ಹೊರತುದಿಗೆ ಕೊಟ್ಟು, ಕಾರಿನ ಮೈ ಸ್ಟ್ಯಾಂಡಿನಿಂದ ಕೂದಲೆಳೆಯಷ್ಟು ಏಳುವವರೆಗೆ ಎತ್ತಿ, ಆಗ ಪೂರ್ತಿ ಟಾರ್ಕ್ ಕೊಟ್ಟೆ. ಜೋತಾಡುವಾಗಲೇ ಬಿಗಿ ಮಾಡಿದರೆ ಕಾರು ನೆಲಕ್ಕಿಳಿದಾಗ ಬುಷ್ಷಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಕಳೆದ ಸಲದ ಬುಷ್ಷುಗಳು ಅಷ್ಟು ಬೇಗ ಸೀಳಿದ್ದಕ್ಕೆ ಇದೇ ಕಾರಣವಿರಬಹುದೆಂದು ನನ್ನ ಅನುಮಾನ. ಕೊನೆಗೆ ಪ್ರತಿ ನಟ್ಟಿನಿಂದ ಬ್ರ್ಯಾಕೆಟ್ಟಿಗೆ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ನಟ್ಟು ಕದಲಿದರೆ ಗೆರೆ ಮುರಿದು ಕಾಣುತ್ತದೆ, ಸ್ಪ್ಯಾನರ್ ಇಲ್ಲದೆಯೂ ತಪಾಸಣೆ ಆಗುತ್ತದೆ.

ಹಂತ 7: ಓಡಿಸಿ ನೋಡಿದ ಮೇಲೆ

ಅಲೈನ್‌ಮೆಂಟ್ ಮಾಡಿಸಿ, ಘಟ್ಟ ಹತ್ತಿ ಇಳಿದು ಬಂದ ಮೇಲೆ ಕಾರನ್ನು ತಣಿಯಲು ಬಿಟ್ಟು ಗೆರೆಗಳನ್ನು ನೋಡಿದೆ. ಎಲ್ಲವೂ ನೆಟ್ಟಗಿದ್ದವು. ನಟ್ಟುಗಳಲ್ಲಿ ಮಾತ್ರ ಎಡ ಲಿಂಕ್ ರಾಡಿನ ಮೇಲಿನದೊಂದು ತೊಂದರೆ ಕೊಟ್ಟಿತು. ಅಲ್ಲಿ ಗೆರೆ ಮುರಿದಿರಲಿಲ್ಲ, ಆದರೂ ಟಾರ್ಕ್ ರೆಂಚ್ ಇಟ್ಟರೆ ಕ್ಲಿಕ್ ಆಗುವ ಮೊದಲು ನಟ್ಟು ಸ್ವಲ್ಪ ಮುಂದಕ್ಕೆ ಸರಿಯಿತು. ಬಿಚ್ಚಿ ನೋಡಿದಾಗ ಬ್ರ್ಯಾಕೆಟ್ಟಿನ ಹಳೆಯ ಬಣ್ಣ ಮತ್ತು ತುಕ್ಕಿನ ಪದರ ಫ್ಲೇಂಜಿನ ಕೆಳಗೆ ಪುಡಿಯಾಗಿ ಒತ್ತಿಕೊಂಡಿತ್ತು. ಅಷ್ಟು ತೆಳುವಾದ ಪದರ ಕುಸಿದರೂ ಬಿಗಿತ ಇಳಿಯುತ್ತದೆ. ಕೂರುವ ಜಾಗವನ್ನು ಮರಳು ಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ, ಹೊಸ ನಟ್ಟು ಹಾಕಿ ಬಿಗಿ ಮಾಡಿ, ಸುತ್ತಲೂ ಜಿಂಕ್ ಪ್ರೈಮರ್ ಹಚ್ಚಿದೆ. ಅನಂತರದ ತಪಾಸಣೆಯಲ್ಲಿ ಅದು ಕದಲಿಲ್ಲ. ಸದ್ದು ನಿಂತಿದೆ.

ಮಳೆಗಾಲದಲ್ಲಿ ಘಟ್ಟದ ಕೆಸರಿನಿಂದ ಬಂದ ಮೇಲೆ ಕೆಳಭಾಗಕ್ಕೆ ಸಿಹಿನೀರು ಹೊಡೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕಂಪ್ರೆಸರಿನವರು ಹೊಡೆಯುವ ಸುಟ್ಟ ಎಂಜಿನ್ ಎಣ್ಣೆಯನ್ನು ಬಿಟ್ಟುಬಿಟ್ಟೆ, ಅದು ಬುಷ್ಷಿನ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ನಟ್ಟು ಬೋಲ್ಟುಗಳ ತುದಿಗೆ ಮೇಣದಂಥ ರಸ್ಟ್ ಕೋಟ್ ಕುಂಚದಿಂದ ಹಚ್ಚಿದ್ದೇನೆ.

ಖರ್ಚಿನ ಲೆಕ್ಕದಲ್ಲಿ ಬಿಡಿಭಾಗಗಳು ದೊಡ್ಡ ಪಾಲು, ಅಲೈನ್‌ಮೆಂಟ್ ಐನೂರರ ಸುಮಾರು. ಕಂಪನಿಯ ಫ್ಲೇಂಜ್ ಲಾಕ್ ನಟ್ಟು ಒಂದಕ್ಕೆ ನಲವತ್ತು ರೂಪಾಯಿಯ ಆಸುಪಾಸು ಬಿದ್ದಿತು, 10.9ರ ಬೋಲ್ಟಿಗೆ ನೂರರ ಮೇಲೆ. ಅಂಗಡಿಯ ಸಾದಾ ನೈಲಾಕ್ ನಟ್ಟಿಗೆ ಹತ್ತು. ಎರಡೂ ಬದಿಯ ನಟ್ಟು ಬೋಲ್ಟುಗಳೆಲ್ಲ ಸೇರಿದರೂ ಒಂದು ಲೋವರ್ ಆರ್ಮಿನ ಬೆಲೆಯ ಕಾಲು ಭಾಗ ಮುಟ್ಟಲಿಲ್ಲ. ಹಿಂದಿನ ಆಕ್ಸಲ್ಲಿನ ಬುಷ್ ಬೋಲ್ಟುಗಳು ಎಂ12 ಇದ್ದರೂ ಪಿಚ್ 1.5 ಎಂದು ಗೇಜ್ ತೋರಿಸಿದೆ. ಅವುಗಳ ನಟ್ಟನ್ನು ಬೇರೆಯಾಗಿ ಹೇಳಿಟ್ಟಿದ್ದೇನೆ, ಬಂದ ಮೇಲೆಯೇ ಹಳೆಯದಕ್ಕೆ ಸ್ಪ್ಯಾನರ್ ಇಡುವುದು.